ಪಕ್ಕದ ಮನೆಗೆ ಮೊದಲು ಕುಸ್ವಾರ್ ತಟ್ಟೆ

ನಮ್ಮದು ಉಡುಪಿ ಕಡೆ. ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಹಂಚುವಾಗ ಪಕ್ಕದ ಮನೆ ಅಕ್ಕನ ತಟ್ಟೆಗೆ ರೋಸ್ ಕುಕ್ಕೀಸ್ ಹಾಕುವುದಿಲ್ಲ, ಅದಕ್ಕೆ ಮೊಟ್ಟೆ ಬೀಳುತ್ತದೆ. ಕರಿಗಡುಬಿನಂಥ ನೆವ್ರಿ ಮಾತ್ರ, ಅದೂ ಬೇರೆ ಎಣ್ಣೆಯಲ್ಲಿ ಕರಿದದ್ದು. ಯೇಸುವಿನ ಮೇಲಿನ ನಂಬಿಕೆಯನ್ನು ನೆರೆಯವರೊಂದಿಗೆ ಹಂಚುವುದು ಇಲ್ಲಿಂದಲೇ ಶುರು ಎಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಹೊಸದರಲ್ಲಿ ಅವರ ಗೇಟಿಗೆ ಕರಪತ್ರ ಸಿಕ್ಕಿಸಿ ಬಂದಿದ್ದೆ. ಮರುದಿನ ಅದರಲ್ಲೇ ಮಲ್ಲಿಗೆ ಸುತ್ತಿ ನನಗೆ ಕೊಟ್ಟರು!

ಮೊದಲು ಅವರ ಕಷ್ಟ ಕೇಳಿಸಿಕೊಳ್ಳಿ. ಅವರ ಯಜಮಾನರು ಆಸ್ಪತ್ರೆ ಸೇರಿದಾಗ ಗಂಜಿ ಒಯ್ದಿದ್ದೆ. ಹೊರಡುವಾಗ, "ಅಕ್ಕ, ಒಂದು ಪ್ರಾರ್ಥನೆ ಮಾಡ್ಲಾ?" ಎಂದೆ. "ಮಾಡಿ ಮಾರಾಯ್ರೆ" ಎಂದರು. ಎರಡೇ ವಾಕ್ಯ, ಮೆಲ್ಲಗೆ. ಗುಣವಾಗಿಯೇ ಆಗುತ್ತದೆಂದು ಮಾತು ಕೊಡಬೇಡಿ. ಬೇಡ ಎಂದರೆ ಗಂಜಿ ಕೊಟ್ಟು ಬನ್ನಿ, ಮುಖ ಸಪ್ಪೆ ಮಾಡಬೇಡಿ.

ಅವರ ದೇವರ ಬಗ್ಗೆ ಹಗುರ ಮಾತು ಬೇಡವೇ ಬೇಡ.

ಅವರಾಗಿ ಕೇಳಿದರೆ ನಿಮ್ಮದೇ ಕಥೆ ಹೇಳಿ. ಏಳು ವರ್ಷ ಅಣ್ಣನ ಜೊತೆ ಮಾತು ಬಿಟ್ಟಿದ್ದ ನಾನು, ಬೈಬಲ್‌ನ ಲೂಕ 15ರ ತಪ್ಪಿಹೋದ ಮಗನ ಸಾಮ್ಯ (ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಹಬ್ಬ ಮಾಡಿ ಸೇರಿಸಿಕೊಂಡ, ಮನೆಯಲ್ಲೇ ದುಡಿದ ದೊಡ್ಡ ಮಗ ಮುನಿಸಿಕೊಂಡ ಕಥೆ) ಓದಿ ಫೋನ್ ಮಾಡಿದವಳು. ಇದನ್ನು ಹೇಳಿದಾಗ ಅಕ್ಕ ಹೂ ಕಟ್ಟುವುದನ್ನೇ ನಿಲ್ಲಿಸಿ, "ಮತ್ತೆ ದೊಡ್ಡ ಮಗನಿಗೆ ಅನ್ಯಾಯ ಅಲ್ವಾ?" ಎಂದರು. ಆ ಚರ್ಚೆ ಇನ್ನೂ ನಡೆಯುತ್ತಿದೆ.