ದೋಣಿ ಹಿಡಿಯದೆ ನಿವರ್ನೇ ನಾಲೆ: ಏರಿ ಮೇಲೆ ಸೈಕಲ್ಲಿನಲ್ಲಿ 174 ಕಿ.ಮೀ.

ಕಾರಿಲ್ಲದೆ ಫ್ರಾನ್ಸಿನ ಹಳ್ಳಿಗಾಡು ತಿರುಗಲಾಗದು, ದೋಣಿಯಲ್ಲಿ ಕೂರದೆ ಅಲ್ಲಿನ ನಾಲೆ ನೋಡಿದರೆ ನೋಡಿದ ಹಾಗೇ ಅಲ್ಲ. ಈ ಎರಡು ಮಾತನ್ನು ನಾಲ್ಕು ವರ್ಷ ಕೇಳಿದ್ದೇನೆ. 2019ರಲ್ಲಿ ಅರ್ಧ ದಾರಿಯಿಂದ ವಾಪಸಾದಾಗ ಹಾಗೆ ಹೇಳಿದವರ ಮಾತೇ ನಿಜವಾಯಿತು. 2023ರ ಸೆಪ್ಟೆಂಬರಿನಲ್ಲಿ ನಾನೂ ತಮ್ಮನೂ ಬರ್ಗಂಡಿಯ ಒಸೇರ್ ಊರಿನಿಂದ ಲ್ವಾರ್ ನದಿಯ ತನಕ ಇಡೀ ನಿವರ್ನೇ ನಾಲೆಯನ್ನು ಮುಗಿಸಿದೆವು. ಕಾರಿಲ್ಲ, ದೋಣಿಯಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯುರೋಪಿಗೆ ಸ್ವಂತವಾಗಿ ಹೋಗಿಬಂದವರಿಗೆ ವೀಸಾ, ವಿಮೆ, ರೈಲು ಆ್ಯಪ್ ಎಲ್ಲ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ. ಮೊದಲು ಸೋತ ಕಥೆ.

2019ರಲ್ಲಿ ಏಪ್ರಿಲ್ ಕೊನೆಗೆ ಹೋದೆ, ಒಬ್ಬನೇ. ದಿನಕ್ಕೆ 45 ಕಿ.ಮೀ. ತುಳಿದರೆ ನಾಲ್ಕು ದಿನದಲ್ಲಿ ನಾಲೆ ಮುಗಿಯುತ್ತದೆ ಎಂದು ಬೆಂಗಳೂರಿನಲ್ಲಿ ಕೂತು ಹಾಕಿದ ಲೆಕ್ಕ. ಬಾಡಿಗೆಗೆ ಸಿಕ್ಕಿದ್ದು ಸಪೂರ ಟೈರಿನ ರೋಡ್ ಸೈಕಲ್. ಎರಡು ದಿನ ಬಿಡದೆ ಮಳೆ. ಟಾರು ಮುಗಿದು ಹುಲ್ಲಿನ ಏರಿ ಬಂದ ಕಡೆ ಚಕ್ರ ಹೂತು, ಗಂಟೆಗೆ ಆರು ಕಿ.ಮೀ. ಕೂಡ ಆಗಲಿಲ್ಲ. ಮೂರನೆಯ ದಿನ ಮೇ 1. ಆ ದಿನ ಅಲ್ಲಿ ಅಂಗಡಿ, ಬೇಕರಿ ಬಹುತೇಕ ಮುಚ್ಚಿರುತ್ತವೆ, ಲಾಕ್ (ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಜೋಡಿ ಗೇಟಿನ ತೊಟ್ಟಿ) ಕೂಡ ತೆಗೆಯುವುದಿಲ್ಲ ಎಂಬುದು ನನ್ನ ತಲೆಗೆ ಬಂದೇ ಇರಲಿಲ್ಲ. ಬೀದಿ ಮೂಲೆಯಲ್ಲಿ ಮಕ್ಕಳು ಮ್ಯುಗೆ ಹೂವಿನ ಕಡ್ಡಿ ಮಾರುತ್ತಿದ್ದರು, ತಿನ್ನಲು ಏನೂ ಇಲ್ಲ. ಚೀಲದಲ್ಲಿ ಅಕ್ಕಿ ಇತ್ತು, ಬೇಯಿಸಲು ಗ್ಯಾಸ್ ಇರಲಿಲ್ಲ. ನನ್ನದು ತಿರುಪು ಕಟ್ಟುವ ಸ್ಟವ್, ಆ ಊರುಗಳ ಅಂಗಡಿಯಲ್ಲಿ ಸಿಕ್ಕಿದ್ದು ಒತ್ತಿ ಕೂರಿಸುವ ಕ್ಯಾಂಪಿಂಗ್‌ಗಾಜ್ ಡಬ್ಬಿ. ಶಾತೆಲ್-ಸಾನ್ಸ್ವಾರ್ ಎಂಬ ಊರು ಮುಟ್ಟುವಷ್ಟರಲ್ಲಿ ಜ್ವರ. ಒಂದು ರಾತ್ರಿಗೆ 85 ಯೂರೋ ಕೊಟ್ಟು ಮಲಗಿದೆ, ಮಾರನೆಯ ದಿನ ಅಲ್ಲಿಂದಲೇ ರೈಲು ಹತ್ತಿದೆ. ಮುಂದಿನ ಬುಕಿಂಗ್‌ಗಳೆಲ್ಲ ಸೇರಿ ಸುಮಾರು 22,000 ರೂಪಾಯಿ ನೀರು ಪಾಲು.

ಆಗ ದೋಣಿಯ ಲೆಕ್ಕವನ್ನೂ ಕೇಳಿ ನೋಡಿದ್ದೆ. ಅಲ್ಲಿ ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಕಿಲ್ಲ, ಅರ್ಧ ಗಂಟೆ ಕಲಿಸಿ ಕೈಗೆ ಕೊಡುತ್ತಾರೆ. ಒಂದು ವಾರಕ್ಕೆ ಇಬ್ಬರ ಸಣ್ಣ ದೋಣಿಗೆ 1,800 ಯೂರೋ ಹತ್ತಿರ ಹೇಳಿದರು. ಡೀಸೆಲ್ ಬೇರೆ, ಠೇವಣಿ ಬೇರೆ. ಅಷ್ಟು ಕೊಟ್ಟರೂ ವಾರದಲ್ಲಿ ಪೂರ್ತಿ ನಾಲೆ ಮುಗಿಯುವುದು ಕಷ್ಟ. ಒಸೇರ್‌ನಿಂದ ದಸೀಜ಼್ (ನಾಲೆಯ ಕೊನೆಯ ಊರು) ತನಕ ನೂರಕ್ಕೂ ಹೆಚ್ಚು ಲಾಕ್, ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲವೂ ಬಂದ್.

ಎರಡನೆಯ ಸಲ ನಾನು ಬದಲಾಯಿಸಿದ್ದು ಮುಖ್ಯವಾಗಿ ಒಂದನ್ನೇ: ವೇಗ. ದಿನಕ್ಕೆ 20ರಿಂದ 25 ಕಿ.ಮೀ., ಅಷ್ಟೇ. ದೋಣಿಯವರು ಎಷ್ಟು ಸಾಗುತ್ತಾರೋ ಅಷ್ಟೇ ನಾವೂ. ಬೆಳಿಗ್ಗೆ ಲಾಕಿನಲ್ಲಿ ಕಂಡ ದೋಣಿ ಸಂಜೆ ನಮ್ಮ ಗುಡಾರದ ಪಕ್ಕದಲ್ಲೇ ಕಟ್ಟಿರುತ್ತಿತ್ತು. ನಾಲ್ಕನೆಯ ದಿನಕ್ಕೆ ಅವರೇ ಕರೆದು ಎರಡು ಲಾಕ್ ದೂರ ಕೂರಿಸಿಕೊಂಡು ಹೋದರು. ಕಾಸು ಕೊಡದೆ ದೋಣಿಯನ್ನೂ ಹತ್ತಿದಂತಾಯಿತು!

ಉಳಿದುಕೊಂಡಿದ್ದು ಊರಿನ ಪುರಸಭೆ ನಡೆಸುವ ಕ್ಯಾಂಪಿಂಗುಗಳಲ್ಲಿ. ಇಬ್ಬರಿಗೂ ಒಂದು ಗುಡಾರಕ್ಕೂ ಸೇರಿ ರಾತ್ರಿಗೆ 12ರಿಂದ 15 ಯೂರೋ, ಬಿಸಿನೀರೂ ಸೇರಿ. ವೀಸಾಕ್ಕೆ ಕ್ಯಾಂಪಿಂಗ್ ಬುಕಿಂಗ್ ತೋರಿಸಿದರೆ ತಿರಸ್ಕಾರ ಖಂಡಿತ ಎಂದು ಒಬ್ಬ ಏಜೆಂಟ್ ಹೆದರಿಸಿದ್ದ. ಮೊದಲ ಮತ್ತು ಕೊನೆಯ ರಾತ್ರಿಗೆ ಹೋಟೆಲ್, ನಡುವಿನ ದಿನಗಳಿಗೆ ಪುರಸಭೆಯ ಇ-ಮೇಲ್, ಜೊತೆಗೆ ಊರು ಮತ್ತು ಕಿ.ಮೀ. ಬರೆದ ಒಂದು ಪಟ್ಟಿ ಇಟ್ಟೆ. ಇಬ್ಬರಿಗೂ ವೀಸಾ ಬಂತು.

ಸೈಕಲ್ ಬಾಡಿಗೆಗೆ ಪಡೆಯಲಿಲ್ಲ, ಹಳೆಯದನ್ನು ಕೊಂಡೆವು. ಅಗಲ ಟೈರಿನವು, ಎರಡಕ್ಕೆ 140 ಯೂರೋ. ಬೆಂಗಳೂರಿನಲ್ಲಿ ಇದ್ದುಕೊಂಡೇ ಅವನ್ನು ಹೇಗೆ ಕಾಯ್ದಿರಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಲಕ್ಕೂ ಅದು ನನಗೆ ಬೇಕು.

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಒಸೇರ್‌ಗೆ ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಯೊಳಗೆ ಬಂದುಬಿಡಬಹುದು. ಟಿಕೆಟ್ ಕೌಂಟರಿನಲ್ಲಿ ಕಾಗುಣಿತ ನೋಡಿ ‘ಆಕ್ಸೆರ್’ ಎನ್ನಬೇಡಿ, ಯಾರಿಗೂ ತಿಳಿಯುವುದಿಲ್ಲ. ಊರಿನಲ್ಲಿ ಸ್ಯಾಂ ಜೆರ್ಮ್ಯಾಂ ಮಠದ ನೆಲಮಾಳಿಗೆಗೆ ಇಳಿಯಿರಿ. ಒಂಬತ್ತನೆಯ ಶತಮಾನದ ಭಿತ್ತಿಚಿತ್ರಗಳಿವೆ. ಆಮೇಲೆ ಯೋನ್ ನದಿ ಬದಿಯಲ್ಲೇ ಏರಿ ಶುರು.

ನಮ್ಮದು ಮಂಡ್ಯದ ಕಡೆ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಸೈಕಲ್ ಕಲಿತವರು ನಾವು. ಅಲ್ಲಿ ನೀರು ಹರಿಯುತ್ತದೆ, ಗದ್ದೆಗೆ ಹೋಗುತ್ತದೆ. ಇಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ನಿಂತಿರುತ್ತದೆ. ಆದರೆ ಲಾಕ್ ಕಾಯುವವರು ಮಾತ್ರ ನಮ್ಮ ನೀರುಗಂಟಿಗಳೇ! ಕೈಯಿಂದ ತಿರುಗಿಸುವ ಗೇಟು, ಪಕ್ಕದಲ್ಲೇ ಮನೆ, ಹಿತ್ತಲಿನಲ್ಲಿ ತರಕಾರಿ. ಒಂದು ಕಡೆ ನನ್ನ ತಮ್ಮ ಗೇಟಿಗೆ ಕೈ ಹಚ್ಚಿದ. ಅಲ್ಲಿ ಲಾಕ್ ಕಾಯುತ್ತಿದ್ದ ಹೆಂಗಸು ಒಂದು ಬುಟ್ಟಿ ಟೊಮೆಟೊ ಕೊಟ್ಟರು, ಕಾಸು ಮುಟ್ಟಲಿಲ್ಲ. ಅವತ್ತು ರಾತ್ರಿ ಗುಡಾರದ ಮುಂದೆ ಗೊಜ್ಜು.

ಊಟದ ವಿಷಯಕ್ಕೆ ಬಂದರೆ, ನಾವು ಸಸ್ಯಾಹಾರಿಗಳು. ಮಾಂಸ ಬೇಡ ಎಂದು ಹೇಳಿ ತರಿಸಿದ ಸಲಾಡಿನಲ್ಲೂ ಹಂದಿಮಾಂಸದ ಚೂರು ಬಂತು. ‘ಸಾಂ ಲಾರ್ದೋ’ ಎಂದು ಬೇರೆಯಾಗಿ ಹೇಳಬೇಕೆಂದು ಆಮೇಲೆ ಕಲಿತೆವು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ತುಪ್ಪ, ಪೇಡ ಒಯ್ಯಬೇಡಿ. ಹೊರದೇಶದ ಹಾಲಿನ ಪದಾರ್ಥ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಹಾಗಾಗಿ ದಾರಿಯ ಕ್ಲಾಮ್ಸಿ ಎಂಬ ಊರಿನಲ್ಲಿ ಕಾಲು ಕೆಜಿ ಬೆಣ್ಣೆ ಕೊಂಡು ಕ್ಯಾಂಪಿಂಗಿನಲ್ಲೇ ಕಾಯಿಸಿದೆ. ಮೊದಲ ಸಲ ಉಪ್ಪು ಹಾಕಿದ ಬೆಣ್ಣೆ ತಂದು ಕೆಟ್ಟಿತು, ಎರಡನೆಯ ಸಲ ಮರಳು ಮರಳಾದ ತುಪ್ಪ. ಮೊಸರು ಹೆಪ್ಪು ಹಾಕಲು ಮೂರು ರಾತ್ರಿ ಒದ್ದಾಡಿದೆ. ಸೆಪ್ಟೆಂಬರ್ ಮೊದಲ ವಾರ ಹಗಲಿನಲ್ಲಿ ಭಾರೀ ಸೆಕೆ ಇತ್ತು, ರಾತ್ರಿ ಚಳಿ. ಕೊನೆಗೆ ಬಾಟಲಿಯನ್ನು ಜಾಕೆಟ್ಟಿನಲ್ಲಿ ಸುತ್ತಿ ಮಲಗುಚೀಲದ ಕಾಲ ಬುಡದಲ್ಲಿ ಇಟ್ಟುಕೊಂಡೆ. ಬೆಳಿಗ್ಗೆ ಚಾಕುವಿನಲ್ಲಿ ಕತ್ತರಿಸಬಹುದಾದ ಮೊಸರು!

ಕ್ಲಾಮ್ಸಿಯಲ್ಲಿ ಎರಡು ರಾತ್ರಿ ನಿಲ್ಲಿ. ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ಹೋಗುತ್ತಿದ್ದುದು ಈ ಊರಿನ ಮೂಲಕ. ಮೊರ್ವಾಂ ಬೆಟ್ಟದ ಕಾಡಿನಲ್ಲಿ ಕಡಿದ ತುಂಡುಗಳಿಗೆ ವ್ಯಾಪಾರಿಗಳು ತಮ್ಮ ತಮ್ಮ ಮುದ್ರೆ ಹೊಡೆದು ಹಳ್ಳಕ್ಕೆ ಎಸೆಯುತ್ತಿದ್ದರು, ಕೆರೆ ತೂಬು ತೆಗೆದು ನೀರು ಬಿಟ್ಟರೆ ಅದರ ಜೊತೆ ತೇಲಿ ಬರುತ್ತಿದ್ದವು. ಇಲ್ಲಿ ಹಿಡಿದು, ಮುದ್ರೆ ನೋಡಿ ವಿಂಗಡಿಸಿ, ಉದ್ದುದ್ದ ತೆಪ್ಪ ಕಟ್ಟಿ ಯೋನ್ ಮೇಲೆ, ಆಮೇಲೆ ಸೆನ್ ಮೇಲೆ ಪ್ಯಾರಿಸ್ಸಿಗೆ. ಬೆತ್ಲೆಹೆಮ್ ಸೇತುವೆ ಮೇಲೆ ತೆಪ್ಪದವನ ಪ್ರತಿಮೆ ಇದೆ. ಈ ನಾಲೆಯ ಕೆಲಸ 1784ರಲ್ಲಿ ಹಿಡಿದದ್ದೂ ಸೌದೆಗಾಗಿಯೇ. ರಾಮಕೃಷ್ಣ, ವಿವೇಕಾನಂದ, ಗಾಂಧಿ ಮೂವರ ಜೀವನವನ್ನೂ ಬರೆದ ಫ್ರೆಂಚ್ ಲೇಖಕ ರೊಮೇ ರೋಲಾ 1866ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮುಂದೆ ಏರಿ ಪಕ್ಕದ ಬ್ರೇವ್ ಎಂಬ ಹಳ್ಳಿಯಲ್ಲಿ ಅವರ ಸಮಾಧಿ. ನಾವು ಸೈಕಲ್ ಒರಗಿಸಿ ಅಲ್ಲಿ ಹೊತ್ತು ಕಳೆದೆವು.

ವೆಝಲೇ ಬಸಿಲಿಕಾ ನೋಡಲು ಒಂದು ದಿನ ಏರಿ ಬಿಟ್ಟು ಗುಡ್ಡ ಹತ್ತಿದ್ದು ಮಾತ್ರ ಮೊಣಕಾಲಿಗೆ ಭಾರವಾಯಿತು. ಎರಡು ದಿನ ನೋವು.

ನಾಲೆಯ ಜೀವ ಇರುವುದು ಸಾರ್ದಿ ಎಂಬ ಹಳ್ಳಿಯಿಂದ ಮೇಲೆ. ಮೂರೂವರೆ ಕಿ.ಮೀ. ಒಳಗೆ 16 ಲಾಕ್, ಒಂದರ ಮೇಲೊಂದು. ಎರಡೂ ಬದಿ ಕಾಡು. ಹತ್ತಿ ಮುಗಿದ ಮೇಲೆ ಲಾ ಕೊಲಾನ್ಸೆಲ್‌ನಲ್ಲಿ ಸಾಲಾಗಿ ಮೂರು ಸುರಂಗ, ದೊಡ್ಡದು 758 ಮೀಟರ್. ಒಳಗೆ ದೋಣಿಗೆ ಮಾತ್ರ ದಾರಿ, ಸೈಕಲ್ಲಿನವರು ಮೇಲಿಂದ ಹೋಗಬೇಕು. ಸುರಂಗಗಳ ನಡುವಿನ ಆಳ ಕೊರಕಲಿನಲ್ಲಿ ಬಂಡೆಯಿಂದ ನೀರು ಜಿನುಗುತ್ತದೆ, ಜರೀಗಿಡ ತೂಗುತ್ತದೆ. ನಡು ಮಧ್ಯಾಹ್ನವೂ ಅಲ್ಲಿ ತಂಪು. ನಮ್ಮ ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗದ ಬಾಯಿಯಲ್ಲಿ ನಿಂತು ಕೂಗಿ ಪ್ರತಿಧ್ವನಿ ಕೇಳುತ್ತಿದ್ದ ಹುಡುಗರು ಇಲ್ಲಿ ಒಂದು ಗಂಟೆ ಮಾತಿಲ್ಲದೆ ಕೂತಿದ್ದೆವು. ಆಚೆಗೆ ಬೇ ಕೆರೆ. ಹಿಂದಿನ ನೀರು ಸೆನ್ ಕಡೆಗೆ, ಮುಂದಿನದು ಲ್ವಾರ್ ಕಡೆಗೆ. ಆ ಎತ್ತರಕ್ಕೆ ನೀರು ತರಲೆಂದೇ ಯೋನ್ ನದಿಯಿಂದ 25 ಕಿ.ಮೀ. ಉದ್ದದ ಸಣ್ಣ ಕಾಲುವೆ ತೋಡಿದ್ದಾರೆ. ಅದರ ಬದಿಯಲ್ಲೂ ಅರ್ಧ ದಿನ ನಡೆದು ಬಂದೆವು. ಬೇ ಹತ್ತಿರ ಗುಡಾರಕ್ಕೆ ಒಂದು ಜಾಗ ಸಿಕ್ಕಿತು, ಗುರುತು ಹೇಳುವುದಿಲ್ಲ. ಬೆಳಿಗ್ಗೆ ಕೆರೆ ಮೇಲೆ ಮಂಜು, ಬೂದು ಕೊಕ್ಕರೆ, ನಾವಿಬ್ಬರು, ಅಷ್ಟೇ.

ಅಲ್ಲಿಂದ ಇಳಿಜಾರು. ಶಾತಿಯೋ ದಾಟಿ ಸೆರ್ಸಿ-ಲಾ-ತೂರ್, ದಸೀಜ಼್. ಹೇಳಿಕೊಳ್ಳುವಂಥದ್ದು ಕಡಿಮೆ, ಬಿಳಿ ಶಾರೊಲೇ ದನಗಳನ್ನು ಬಿಟ್ಟರೆ.

ಖರ್ಚು ನೆನಪಿನಿಂದ ಹೇಳುತ್ತಿದ್ದೇನೆ. ನಾಲೆಯ ಮೇಲೆ ಒಂಬತ್ತು ದಿನ, ಇಬ್ಬರಿಗೆ: ಕ್ಯಾಂಪಿಂಗ್ 110 ಯೂರೋ, ಊಟ 190, ರೈಲು 130, ಸೈಕಲ್ 140. ಒಟ್ಟು 570, ಆಗಿನ ದರದಲ್ಲಿ ಸುಮಾರು 51,000 ರೂಪಾಯಿ. ವಿಮಾನ, ವೀಸಾ, ಎರಡು ರಾತ್ರಿಯ ಹೋಟೆಲ್ ಬೇರೆ. ದೋಣಿಯ ಬಾಡಿಗೆಯ ಮೂರನೇ ಒಂದು ಭಾಗದೊಳಗೆ ಇಡೀ ನಾಲೆ ಮುಗಿಯಿತು.

ನಾಲೆ ಮುಗಿದ ಮೇಲೆ ನೆವೇರ್ ಊರಿನಲ್ಲಿ ಸೈಕಲ್ ಬಿಟ್ಟು ರೈಲು ಹತ್ತಿದವರು ಬ್ರಿಯಾರ್‌ನಲ್ಲಿ ಇಳಿದೆವು. ಅಲ್ಲಿ ಲ್ವಾರ್ ನದಿಯ ಮೇಲೆ ಉಕ್ಕಿನ ತೊಟ್ಟಿಯಲ್ಲಿ ಒಂದು ನಾಲೆಯೇ ಹಾದುಹೋಗುತ್ತದೆ, 662 ಮೀಟರ್. 1896ರದ್ದು. ಐಫೆಲ್ ಕಟ್ಟಿದ್ದು ಎಂದು ಎಲ್ಲರೂ ಹೇಳುತ್ತಾರೆ, ಅವರ ಕಂಪನಿ ಮಾಡಿದ್ದು ಕಲ್ಲಿನ ಕೆಲಸವನ್ನಷ್ಟೇ. ಸಂಜೆ ದೀಪದ ಕಂಬಗಳ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆವು. ಕೆಳಗೆ ನದಿ ಹರಿಯುತ್ತಿತ್ತು, ಮೇಲೆ ಒಂದು ದೋಣಿ ನಿಧಾನಕ್ಕೆ ನಮ್ಮ ನಡಿಗೆಯ ವೇಗದಲ್ಲೇ ಬರುತ್ತಿತ್ತು.