ಮೊದಲು ಕೋಣೆ, ಆಮೇಲೆ ಓದು: ಆಖೆನ್‌ನಲ್ಲಿ ನನ್ನ ಮೊದಲ ಮೂರು ತಿಂಗಳು

2023ರ ಅಕ್ಟೋಬರ್‌ನಲ್ಲಿ ಜರ್ಮನಿಯ ಆಖೆನ್‌ಗೆ ಬಂದಿಳಿದಾಗ ನನ್ನ ಫೈಲ್‌ನಲ್ಲಿ ಎಲ್ಲ ಕಾಗದವೂ ಇತ್ತು. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ದೃಢಪಡಿಸುವ ಎಪಿಎಸ್ ಸರ್ಟಿಫಿಕೇಟ್, ವೀಸಾ, ಆರ್‌ಡಬ್ಲ್ಯುಟಿಎಚ್ ಯೂನಿವರ್ಸಿಟಿಯ ಸೀಟು, ಬ್ಲಾಕ್ಡ್ ಅಕೌಂಟ್‌ನಲ್ಲಿ (ವೀಸಾಗಾಗಿ ಮೊದಲೇ ಹಣ ತುಂಬಿ, ಆಮೇಲೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆ) ಆಗ ಬೇಕಿದ್ದ 11,208 ಯೂರೋ. ಕೋಣೆ ಮಾತ್ರ ಇರಲಿಲ್ಲ. ಹೋದ ಮೇಲೆ ನೋಡಿಕೊಂಡರಾಯ್ತು ಅಂದುಕೊಂಡಿದ್ದೆ. ದಾವಣಗೆರೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಹಾಗೇ ಮಾಡಿದ್ದೆನಲ್ಲ.

ಇಲ್ಲಿ ಹಾಗೆ ನಡೆಯುವುದಿಲ್ಲ. ಮನೆ ಹಿಡಿದು ವಾಸಕ್ಕೆ ಹೋದ ಎರಡು ವಾರದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಬಾಡಿಗೆ ಕರಾರು ಮಾತ್ರ ಸಾಲದು, 'ಇವರು ನಮ್ಮಲ್ಲಿ ವಾಸಕ್ಕಿದ್ದಾರೆ' ಅಂತ ಮನೆ ಕೊಟ್ಟವರು ಸಹಿ ಹಾಕಿದ ಬೇರೆ ಕಾಗದ ಬೇಕು. ನಾನು ಹೋದ ಬ್ಯಾಂಕ್ ಖಾತೆ ತೆರೆಯಲು ಅನ್‌ಮೆಲ್ಡುಂಗ್ ಕಾಗದ ಕೇಳಿತು. ಖಾತೆ ಇಲ್ಲದೆ ಬ್ಲಾಕ್ಡ್ ಅಕೌಂಟ್‌ನಿಂದ ತಿಂಗಳಿಗೆ ಆಗ ಸಿಗಬೇಕಿದ್ದ 934 ಯೂರೋ ಬರುವಂತಿರಲಿಲ್ಲ. ವೀಸಾ ಮುಗಿಯುವ ಮೊದಲು ಮಾಡಿಸಬೇಕಾದ ರೆಸಿಡೆನ್ಸ್ ಪರ್ಮಿಟ್‌ಗೂ ಅದೇ ವಿಳಾಸ ಬೇಕು.

ನನಗೆ ಮೊದಲು ಸಿಕ್ಕಿದ್ದು ಎರಡು ತಿಂಗಳ ಮಟ್ಟಿಗಿನ ಒಂದು ಕೋಣೆ. ಅದು ಒಬ್ಬ ವಿದ್ಯಾರ್ಥಿಯದು, ಅವನು ಊರಲ್ಲಿ ಇರುತ್ತಿರಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋದ ಮೇಲೆ ಕಾಗದ ಕೇಳಿದರೆ ಆಗಲ್ಲ ಅಂದ. ಕೋಣೆ ನನಗೆ ಕೊಟ್ಟಿದ್ದನ್ನು ಅವನು ಮಾಲೀಕರಿಗೆ ಹೇಳಿರಲೇ ಇಲ್ಲ. ಆ ಎರಡು ತಿಂಗಳು ಊರಿಂದ ತಂದ ಹಣದಲ್ಲೇ ಕಳೆದೆ. ಪಾಠ ಕೇಳುತ್ತಿದ್ದರೂ ಮನಸ್ಸೆಲ್ಲ ಕೋಣೆ ಹುಡುಕುವುದರಲ್ಲೇ ಇರುತ್ತಿತ್ತು. ದುಡ್ಡು ಕೊಡುವ ಮೊದಲೇ 'ಅನ್‌ಮೆಲ್ಡುಂಗ್ ಮಾಡಿಸಬಹುದಾ?' ಅಂತ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಕೋಣೆ ನೋಡದೆ ದುಡ್ಡು ಕಳಿಸಲೇಬೇಡಿ.

ಯಾರೋ ವಾಲ್ಸ್‌ನಲ್ಲಿ ನೋಡು ಅಂದರು. ಆಖೆನ್‌ನಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಆದರೆ ಅದು ನೆದರ್‌ಲ್ಯಾಂಡ್ಸ್! ಬಸ್ಸಿನಲ್ಲಿ ಕೂತವರಿಗೆ ಗಡಿ ದಾಟಿದ್ದೂ ಗೊತ್ತಾಗುವುದಿಲ್ಲ. ಜರ್ಮನ್ ವಿದ್ಯಾರ್ಥಿ ವೀಸಾ ಇಟ್ಟುಕೊಂಡು ನಮ್ಮಂಥವರು ಅಲ್ಲಿ ಮನೆ ಮಾಡುವಂತಿಲ್ಲ.

ಕೊನೆಗೆ ಕೈಹಿಡಿದದ್ದು ವೇಗೇ, ಅಂದರೆ ಮೂರು ನಾಲ್ಕು ಜನ ಅಡುಗೆಮನೆ ಹಂಚಿಕೊಂಡು ಇರುವ ಮನೆ. ಶುರುವಿನಲ್ಲಿ ಎಲ್ಲರಿಗೂ ಒಂದೇ ಇಂಗ್ಲಿಷ್ ಮೆಸೇಜ್ ಕಳಿಸುತ್ತಿದ್ದೆ, ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಆಮೇಲೆ ಪ್ರತಿ ಜಾಹೀರಾತನ್ನೂ ಪೂರ್ತಿ ಓದಿ, ನನ್ನ ಅರೆಬರೆ ಜರ್ಮನ್‌ನಲ್ಲೇ ನಾನು ಯಾರು, ಏನು ಅಡುಗೆ ಮಾಡ್ತೀನಿ, ಎಷ್ಟು ದಿನ ಇರ್ತೀನಿ ಅಂತ ಬರೆಯತೊಡಗಿದೆ. ಆಗ ಕರೆ ಬಂತು. ಅಡುಗೆಮನೆಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸಿದರು. ಬಾಡಿಗೆಗಿಂತ ಜಾಸ್ತಿ ಮಾತಾಡಿದ್ದು ಪಾತ್ರೆ ತೊಳೆಯುವ ಸರದಿ ಬಗ್ಗೆ. ಅವರಿಗೆ ಬೇಕಾಗಿದ್ದುದು ಬಾಡಿಗೆದಾರನಲ್ಲ, ಜೊತೆಗೆ ಇರಬಲ್ಲ ಮನುಷ್ಯ.

ಬಾಡಿಗೆ ಹೋಲಿಸುವಾಗ ವಾರ್ಮ್ ಅಂತ ಬರೆದದ್ದನ್ನೇ ನೋಡಿ, ಅದರಲ್ಲಿ ಹೀಟಿಂಗ್ ಖರ್ಚೂ ಸೇರಿರುತ್ತದೆ. ಕಾಲ್ಟ್ ಅಂದರೆ ಬರೀ ಕೋಣೆಯದು. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಲ್ಲಿ ಇದ್ದವನಿಗೆ ಇದು ದೊಡ್ಡ ಸಮಾಧಾನ.

ಯೂನಿವರ್ಸಿಟಿಗೆ ಅರ್ಜಿ ಹಾಕುವ ಹೊತ್ತಿಗೇ ವಿದ್ಯಾರ್ಥಿ ಹಾಸ್ಟೆಲ್‌ನ ನಿಯಮವನ್ನೂ ಓದಿ, ಯಾವತ್ತು ಹೆಸರು ಕೊಡಬಹುದೋ ಅವತ್ತೇ ಕೊಡಿ. ನಾನು ತಡ ಮಾಡಿದೆ. ನನ್ನ ಸರದಿ ಬಂದದ್ದು ಒಂದು ವರ್ಷ ಕಳೆದ ಮೇಲೆ.

ಹೊಸ ಮನೆಗೆ ಹೋದ ದಿನ ಜೊತೆಯವರು ಮೊದಲು ಮಾಡಿಸಿದ ಕೆಲಸ, ಕೆಳಗಿನ ಟಪಾಲು ಪೆಟ್ಟಿಗೆ ಮೇಲೆ ನನ್ನ ಹೆಸರು ಅಂಟಿಸಿದ್ದು. ಇಲ್ಲಿ ಫ್ಲ್ಯಾಟ್ ನಂಬರ್ ನೋಡಿ ಟಪಾಲು ಹಾಕುವುದಿಲ್ಲ, ಪೆಟ್ಟಿಗೆ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ವಾಪಸ್. ಅನ್‌ಮೆಲ್ಡುಂಗ್ ಆಗಿ ಮೂರನೇ ವಾರಕ್ಕೆ ಆ ಪೆಟ್ಟಿಗೆಯಲ್ಲಿ ನನ್ನ ಟ್ಯಾಕ್ಸ್ ನಂಬರಿನ ಪತ್ರ ಬಿದ್ದಿತ್ತು. ಮೆಟ್ಟಿಲ ಮೇಲೆ ಕೂತೇ ಒಡೆದು ಓದಿದೆ.