ನವಜಾತ ಶಿಶುವಿನ ಸೋಂಕು: ಪ್ಲೇಟ್‌ಲೆಟ್ ವರದಿಯನ್ನು ಓದುವ ಕ್ರಮ

ಶಿಶು ದಿನ ತುಂಬಿ ಹುಟ್ಟಿರಲಿ, ತುಂಬದೆ ಹುಟ್ಟಿರಲಿ, ಒಂದು ಮೈಕ್ರೋಲೀಟರ್ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) 1.5 ಲಕ್ಷಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊರತೆಯೆಂದೂ, 50,000ಕ್ಕಿಂತ ಕೆಳಗಿಳಿದರೆ ತೀವ್ರ ಕೊರತೆಯೆಂದೂ ಪರಿಗಣಿಸುತ್ತಾರೆ. ಶಿಶು ಘಟಕದ ಶುಶ್ರೂಷಕರು ಮತ್ತು ಕಿರಿಯ ವೈದ್ಯರು ಈ ಅಂಕಿಯನ್ನು ಮಗುವಿನ ವಯಸ್ಸು ಹಾಗೂ ಹಿಂದಿನ ವರದಿಯ ಜೊತೆಗಿಟ್ಟು ಓದಿದರೆ ಮಾತ್ರ ಅದರಿಂದ ಸೋಂಕಿನ ಸುಳಿವು ಸಿಗುತ್ತದೆ.

ಮೊದಲು ಅಂಕಿ ನಿಜವೇ ಎಂದು ಖಚಿತಪಡಿಸಿಕೊಳ್ಳಬೇಕು. ಹಿಮ್ಮಡಿಗೆ ಚುಚ್ಚಿ, ಹಿಂಡಿ ಹಿಂಡಿ ತೆಗೆದ ರಕ್ತ ಟ್ಯೂಬ್ ಸೇರುವ ಮುನ್ನವೇ ಹೆಪ್ಪುಗಟ್ಟಲು ತೊಡಗಿರುತ್ತದೆ. ಹಾಗೆ ಗುಂಪುಗೂಡಿದ ಪ್ಲೇಟ್‌ಲೆಟ್‌ಗಳನ್ನು ಯಂತ್ರ ಸರಿಯಾಗಿ ಎಣಿಸುವುದಿಲ್ಲ. ಆದ್ದರಿಂದ ಅನಿರೀಕ್ಷಿತವಾಗಿ ಕಡಿಮೆ ಅಂಕಿ ಬಂದಾಗ ಸ್ಮಿಯರ್‌ನ (ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತದ) ಅಂಚಿನಲ್ಲಿ ಗುಂಪುಗಳಿವೆಯೇ ಎಂದು ನೋಡಲು ಪ್ರಯೋಗಾಲಯಕ್ಕೆ ತಿಳಿಸಿ, ರಕ್ತನಾಳದಿಂದ ಸರಾಗವಾಗಿ ಬಂದ ರಕ್ತದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆದರೆ ಮಗುವಿನ ಸ್ಥಿತಿ ಕೆಟ್ಟಿದ್ದರೆ ಈ ಮರುಪರೀಕ್ಷೆಗಾಗಿ ಚಿಕಿತ್ಸೆಯನ್ನು ತಡೆಹಿಡಿಯಬಾರದು.

ಮುಂದಿನ ಪ್ರಶ್ನೆ, ಕೊರತೆ ಕಾಣಿಸಿದ್ದು ಯಾವಾಗ ಎಂಬುದು. ತಾಯಿಗೆ ಗರ್ಭಿಣಿಯಾಗಿದ್ದಾಗ ಬಿ.ಪಿ. ಏರಿದ್ದು, ಮಗು ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದಿದ್ದ ಸಂದರ್ಭದಲ್ಲಿ ಮೊದಲ 72 ಗಂಟೆಗಳೊಳಗೆ ಸಾಧಾರಣ ಕೊರತೆ ಕಾಣಿಸಿಕೊಂಡು, ನಾಲ್ಕನೆಯ ದಿನದ ಸುಮಾರಿಗೆ ತಳ ಮುಟ್ಟಿ, ಏಳರಿಂದ ಹತ್ತು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಹುಟ್ಟಿದ ದಿನವೇ ತೀವ್ರ ಕೊರತೆಯಿದ್ದೂ ಮಗು ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದರೆ, ತಾಯಿಯ ಪ್ರತಿಕಾಯಗಳು ಮಗುವಿನ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುತ್ತಿವೆಯೇ ಎಂದು ಯೋಚಿಸಬೇಕು.

ನಿಜವಾಗಿ ಎಚ್ಚರ ವಹಿಸಬೇಕಾದದ್ದು 72 ಗಂಟೆಗಳ ನಂತರದ ಹಠಾತ್ ಇಳಿಕೆಯ ವಿಷಯದಲ್ಲಿ. ಉದಾಹರಣೆಗೆ, ದಿನ ತುಂಬದೆ ಹುಟ್ಟಿದ ಒಂಬತ್ತು ದಿನದ ಮಗುವಿನ ಪ್ಲೇಟ್‌ಲೆಟ್ 2.6 ಲಕ್ಷದಿಂದ ಎರಡೇ ದಿನದಲ್ಲಿ 1.6 ಲಕ್ಷಕ್ಕೆ ಇಳಿದು, ಜೊತೆಗೆ ಹೊಟ್ಟೆ ಉಬ್ಬರಿಸಿ, ಕುಡಿಸಿದ ಹಾಲು ಜೀರ್ಣವಾಗದೆ ಉಳಿಯುತ್ತಿದ್ದರೆ, ಅಂಕಿ ಇನ್ನೂ ಮಾಮೂಲಿ ಮಿತಿಯಲ್ಲೇ ಇದೆಯೆಂದು ಸುಮ್ಮನಿರುವುದು ತಪ್ಪು; ಸೆಪ್ಸಿಸ್ (ಇಡೀ ದೇಹವನ್ನು ಬಾಧಿಸುವ ತೀವ್ರ ಸೋಂಕು) ಅಥವಾ ಕರುಳಿನ ಉರಿಯೂತವನ್ನು ಶಂಕಿಸಲೇಬೇಕು. ಕ್ಲೆಬ್ಸಿಯೆಲ್ಲಾದಂಥ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾ ಮತ್ತು ಕ್ಯಾಂಡಿಡಾ ಶಿಲೀಂಧ್ರದ ಸೋಂಕುಗಳಲ್ಲಿ ಇಳಿಕೆ ಹೆಚ್ಚು ಆಳವಾಗಿಯೂ ದೀರ್ಘವಾಗಿಯೂ ಇರುವುದುಂಟು. ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರವನ್ನು ಸೂಚಿಸುವ ಎಂಪಿವಿ ಅದೇ ವೇಳೆ ಏರುತ್ತಿದ್ದರೆ, ನಾಶವಾದವುಗಳ ಜಾಗಕ್ಕೆ ಮಜ್ಜೆಯಿಂದ ಎಳೆಯ, ದೊಡ್ಡ ಪ್ಲೇಟ್‌ಲೆಟ್‌ಗಳು ಬರುತ್ತಿವೆಯೆಂದು ಊಹಿಸಬಹುದು. ಆದರೆ ರಕ್ತ ಟ್ಯೂಬ್‌ನಲ್ಲಿ ಹೆಚ್ಚು ಹೊತ್ತು ಉಳಿದರೂ ಎಂಪಿವಿ ಏರುವುದರಿಂದ ಅದೊಂದನ್ನೇ ನೆಚ್ಚುವುದು ಸಲ್ಲದು.

ಪ್ಲೇಟ್‌ಲೆಟ್ ಇಳಿಕೆ ಸಾಮಾನ್ಯವಾಗಿ ತಡವಾಗಿ ಬರುವ ಸೂಚನೆಯಾಗಿದ್ದು, ಅಂಕಿ ಸರಿಯಿದೆಯೆಂಬ ಕಾರಣಕ್ಕೆ ಸೋಂಕಿಲ್ಲವೆಂದು ಹೇಳಲಾಗದು. ಮಗು ಮಂಕಾಗಿದ್ದರೆ, ಹಾಲು ಬಿಟ್ಟಿದ್ದರೆ, ಮೈ ತಣ್ಣಗಾಗಿದ್ದರೆ, ಉಸಿರು ನಿಂತು ನಿಂತು ಬರುತ್ತಿದ್ದರೆ, ಕನಿಷ್ಠ 1 ಮಿಲೀ ರಕ್ತವನ್ನು ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ) ತೆಗೆದು ಕೂಡಲೇ ಆಂಟಿಬಯೋಟಿಕ್ ಆರಂಭಿಸಬೇಕು.

ಚಿಕಿತ್ಸೆ ಫಲಿಸಿದ ಮೇಲೂ ಪ್ಲೇಟ್‌ಲೆಟ್ ಚೇತರಿಸಿಕೊಳ್ಳಲು ಹಲವು ದಿನ ಹಿಡಿಯಬಹುದಾದ್ದರಿಂದ, ಔಷಧಿ ನಿಲ್ಲಿಸುವ ತೀರ್ಮಾನವನ್ನು ಈ ಅಂಕಿಗೆ ಕಟ್ಟಿಹಾಕಬಾರದು. ಕೊರತೆ ಕಂಡೊಡನೆ ಪ್ಲೇಟ್‌ಲೆಟ್ ಏರಿಸುವ ಅವಸರವೂ ಬೇಡ: ರಕ್ತಸ್ರಾವವಿಲ್ಲದ, ದಿನ ತುಂಬದ ಶಿಶುಗಳಿಗೆ 25,000ಕ್ಕಿಂತ ಕಡಿಮೆಯಾದಾಗ ಕೊಡುವುದಕ್ಕೆ ಹೋಲಿಸಿದರೆ 50,000ಕ್ಕಿಂತ ಕಡಿಮೆಯಾದಾಗಲೇ ಕೊಟ್ಟ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ ಹೆಚ್ಚಾಗಿದ್ದುದನ್ನು 2019ರಲ್ಲಿ ಪ್ರಕಟವಾದ ಪ್ಲಾನೆಟ್-2 ಅಧ್ಯಯನ ತೋರಿಸಿದೆ.